ತಪ್ಪು ಓಲೆಯನ್ನು ಹರಿದು ಹಾಕುವ ಜೀವಕೋಶ



ನಂದಿಬೆಟ್ಟದಿಂದ ಕೆಳಗಿಳಿದು, ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ದಾರಿ ಹಿಡಿದರೆ ಅಲ್ಲಲ್ಲಿ ಹಿಪ್ಪುನೇರಳೆ ತೋಟಗಳು ಕಾಣಸಿಗುತ್ತವೆ. ನಿಮ್ಮಲ್ಲಿ ಹಲವರ ಮನೆಯಲ್ಲಿಯೇ ಹುಳು ಸಾಕುತ್ತಿರಬಹುದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದಾಗ ನೂಲು ಬಿಚ್ಚುವ ರೀಲರುಗಳು ಬೆಲೆ ಹೇಳುವ ಮೊದಲು ಏನು ಮಾಡುತ್ತಾರೆಂದು ಗಮನಿಸಿ. ಒಂದು ಹಿಡಿ ಗೂಡು ಎತ್ತಿಕೊಳ್ಳುತ್ತಾರೆ, ಬೆರಳಿನಿಂದ ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲುಗಿಸುತ್ತಾರೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆಯಾದ ಗೂಡು, ತೆಳುವಾದ ಗೂಡು ಎಷ್ಟಿವೆ ಎಂಬ ಲೆಕ್ಕ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಮೂಡುತ್ತದೆ. ಒಂದೊಂದು ಗೂಡನ್ನೂ ಕೊನೆಯವರೆಗೆ ಬಿಚ್ಚಿ ನೋಡುವುದು ಸಾಧ್ಯವಿಲ್ಲ ತಾನೆ? ಹೊರಗಿನ ಗುರುತಿನಿಂದಲೇ ತೀರ್ಮಾನಿಸಬೇಕು.

ಇಂಥದೇ ಆಯ್ಕೆಯ ಕೆಲಸವೊಂದು ನಿಮ್ಮ ದೇಹದ ಜೀವಕೋಶಗಳಲ್ಲಿ ಎಡೆಬಿಡದೆ ನಡೆಯುತ್ತಿದೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಗೂಡಲ್ಲ, ಸಂದೇಶ. ಇಂದು ಅದರ ವಿಚಾರವನ್ನು ನೋಡೋಣ.

ರೇಷ್ಮೆಯಿಂದಲೇ ಆರಂಭಿಸೋಣ. ಹುಳುವಿನ ದೇಹದಲ್ಲಿ ಎರಡು ಉದ್ದನೆಯ ರೇಷ್ಮೆ ಗ್ರಂಥಿಗಳಿವೆ. ನೂಲಿನ ತಿರುಳಾದ ಫೈಬ್ರಾಯಿನ್ ಎಂಬ ಪ್ರೋಟೀನು ತಯಾರಾಗುವುದು ಅವುಗಳ ಹಿಂಭಾಗದಲ್ಲಿ. ಒಂದೊಂದು ಗ್ರಂಥಿಯ ಹಿಂಭಾಗದಲ್ಲಿ ಇರುವುದು ಸುಮಾರು 500 ಕೋಶಗಳು ಮಾತ್ರ. ಆದರೆ ಒಂದು ಗೂಡಿನಿಂದ ಬರುವ ಎಳೆ ಸುಮಾರು ಒಂದು ಕಿಲೋಮೀಟರಿನಷ್ಟು ಉದ್ದವಿರುತ್ತದೆ! ಇಷ್ಟೊಂದು ಸರಕನ್ನು ಇಷ್ಟು ಕಡಿಮೆ ಕೋಶಗಳು ಹೇಗೆ ಒದಗಿಸುತ್ತವೆ?

ಫೈಬ್ರಾಯಿನನ್ನು ಹೇಗೆ ಕಟ್ಟಬೇಕೆಂಬ ವಿವರ ಕೋಶಕೇಂದ್ರದೊಳಗಿನ ಡಿ.ಎನ್.ಎ.ಯಲ್ಲಿ ಬರೆದಿಟ್ಟಿದೆ. ಡಿ.ಎನ್.ಎ. ಮನೆಯ ಮೂಲಪತ್ರವಿದ್ದಂತೆ, ಅದನ್ನು ಯಾರೂ ಹೊರಗೆ ಒಯ್ಯುವುದಿಲ್ಲ. ಬೇಕಾದ ಭಾಗದ ನಕಲು ತೆಗೆದು ಹೊರಗೆ ಕಳುಹಿಸಲಾಗುತ್ತದೆ. ಈ ನಕಲೇ ದೂತ ಆರ್.ಎನ್.ಎ. ನಾನು ಇದನ್ನು ಓಲೆ ಎಂದೇ ಕರೆಯುತ್ತೇನೆ, ಕೇಳುವುದಕ್ಕೂ ಹಿತ, ಅರ್ಥವೂ ಸರಿಯಾಗಿದೆ. ಹೊರಗೆ ಬಂದ ಓಲೆಯನ್ನು ರೈಬೋಸೋಮ್ ಎಂಬ ಯಂತ್ರ ಓದಿ, ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಪೋಣಿಸಿ ಪ್ರೋಟೀನು ಕಟ್ಟುತ್ತದೆ.

ಇಡೀ ಜೀವಲೋಕದಲ್ಲಿ ಮೊದಮೊದಲು ಕೈಗೆ ಸಿಕ್ಕಿದ ಓಲೆಗಳಲ್ಲಿ ರೇಷ್ಮೆಹುಳುವಿನದೂ ಒಂದು. 1972ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕಾರ್ನೆಗಿ ಸಂಸ್ಥೆಯಲ್ಲಿ ಯೋಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಎಂಬುವರು ಫೈಬ್ರಾಯಿನಿನ ದೂತ ಆರ್.ಎನ್.ಎ.ಯನ್ನು ಬೇರ್ಪಡಿಸಿದರು. ಇದು ಸುಮಾರು 16,000 ಅಕ್ಷರಗಳ ಭಾರಿ ಓಲೆ. ಲೆಕ್ಕವನ್ನು ಕೇಳಿ: ಒಂದು ಫೈಬ್ರಾಯಿನ್ ವಂಶವಾಹಿಯಿಂದ ಸುಮಾರು 10,000 ಓಲೆಗಳು ಹೊರಡುತ್ತವೆ. ಒಂದೊಂದು ಓಲೆಯನ್ನು ಮತ್ತೆ ಮತ್ತೆ ಓದಿ ಸುಮಾರು ಒಂದು ಲಕ್ಷ ಪ್ರೋಟೀನು ಅಣುಗಳನ್ನು ಕಟ್ಟಲಾಗುತ್ತದೆ. ಅಂದರೆ ನಾಲ್ಕೇ ದಿನಗಳಲ್ಲಿ ನೂರು ಕೋಟಿ ಅಣುಗಳು.

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ಓಲೆಯಿಂದ ಲಕ್ಷ ಪ್ರತಿ ತಯಾರಾಗುವುದಾದರೆ, ಆ ಓಲೆಯಲ್ಲಿಯೇ ತಪ್ಪಿದ್ದರೆ ಗತಿಯೇನು? ಲಕ್ಷ ಕೆಟ್ಟ ಪ್ರೋಟೀನುಗಳು! ಪ್ರೋಟೀನುಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದಕ್ಕಿಂತ ಓಲೆಯನ್ನೇ ಹರಿದು ಹಾಕುವುದು ಲಾಭ. ಪತ್ರಿಕೆಯ ಅಚ್ಚುಮೊಳೆ ತಪ್ಪಿದ್ದರೆ ಯಂತ್ರವನ್ನು ನಿಲ್ಲಿಸಬೇಕೇ ಹೊರತು, ಮನೆಮನೆಗೆ ಹೋಗಿ ತಿದ್ದುವುದಲ್ಲ.

ತಪ್ಪು ಎಂದರೆ ಎಂಥ ತಪ್ಪು? ಓಲೆಯ ಭಾಷೆಯಲ್ಲಿ ಇರುವುದು ನಾಲ್ಕೇ ಅಕ್ಷರ, ಪದಗಳೆಲ್ಲ ಮೂರು ಅಕ್ಷರದವು. ಹೀಗೆ 64 ತ್ರಿವಳಿ ಪದಗಳಾಗುತ್ತವೆ. ಅವುಗಳಲ್ಲಿ 61 ಪದಗಳು ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರಕ್ಕೆ ‘ಇಲ್ಲಿಗೆ ನಿಲ್ಲಿಸು’ ಎಂದು ಅರ್ಥ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ, ರೈಬೋಸೋಮ್ ಮೂರು ಮೂರಾಗಿ ಎಣಿಸಿಕೊಂಡು ಹೋಗುತ್ತದೆ. ಪರದೆಯ ಮೇಲಾದರೆ ಇದನ್ನು ಓಡುವ ಚಿತ್ರದಲ್ಲಿ ತೋರಿಸಿಬಿಡಬಹುದು. ಅಚ್ಚಿನಲ್ಲಿ ಆ ಸೌಕರ್ಯವಿಲ್ಲ, ಆದ್ದರಿಂದ ಕನ್ನಡದ ಮೂರಕ್ಷರದ ಪದಗಳನ್ನೇ ತೆಗೆದುಕೊಳ್ಳೋಣ:

ಕಮಲ ತೋಟಕೆ ಹೋದಳು ಸೊಪ್ಪನು ತಂದಳು ಹುಳಕೆ ಕೊಟ್ಟಳು ನಿಲ್ಲಿಸು

ಈಗ ‘ತೋಟಕೆ’ ಎಂಬಲ್ಲಿ ‘ಟ’ ಬಿಟ್ಟುಹೋಯಿತು ಎನ್ನಿ. ಎಣಿಕೆ ಮುಂದುವರಿದರೆ ಹೀಗಾಗುತ್ತದೆ:

ಕಮಲ ತೋಕೆಹೋ ದಳುಸೊ ಪ್ಪನುತಂ ದಳುಹು ಳಕೆಕೊ ಟ್ಟಳುನಿ ಲ್ಲಿಸು

ಒಂದೇ ಅಕ್ಷರ ಹೋದದ್ದು, ಆದರೆ ಮುಂದಿನ ಪದಗಳೆಲ್ಲ ಕೆಟ್ಟವು. ನಿಜವಾದ ಓಲೆಯಲ್ಲಿ ಹೀಗೆ ಎಣಿಕೆ ತಪ್ಪಿದಾಗ ಇನ್ನೊಂದು ಅನಾಹುತವೂ ಆಗುತ್ತದೆ. 64ರಲ್ಲಿ 3 ನಿಲುಗಡೆ ಪದಗಳಾದ್ದರಿಂದ, ಅಡ್ಡಾದಿಡ್ಡಿ ಓದುತ್ತ ಹೋದರೆ ಸರಾಸರಿ ಇಪ್ಪತ್ತೊಂದು ಪದಗಳಿಗೆ ಒಂದು ಸುಳ್ಳು ನಿಲುಗಡೆ ಎದುರಾಗುತ್ತದೆ. ಕೆಲವೊಮ್ಮೆ ಅಕ್ಷರ ಬಿಟ್ಟುಹೋಗಬೇಕೆಂದೂ ಇಲ್ಲ. ಒಂದು ಅಕ್ಷರ ಬದಲಾಗಿ, ಒಳ್ಳೆಯ ಪದವೇ ನಿಲುಗಡೆಯಾಗಿಬಿಡುತ್ತದೆ: ‘ಕಮಲ ತೋಟಕೆ ಹೋದಳು ನಿಲ್ಲಿಸು’. ಸೊಪ್ಪೂ ಇಲ್ಲ, ಹುಳುವಿಗೆ ಮೇವೂ ಇಲ್ಲ. ಪ್ರೋಟೀನು ಅರ್ಧಕ್ಕೇ ನಿಂತ ಮೊಂಡು ತುಂಡಾಗುತ್ತದೆ.

ಇಲ್ಲೊಂದು ಒಗಟು ಇದೆ. ಸುಳ್ಳು ನಿಲುಗಡೆಗೂ ನಿಜವಾದ ನಿಲುಗಡೆಗೂ ಅಕ್ಷರಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ರೈಬೋಸೋಮಿಗೆ ಕಥೆಯ ಅರ್ಥ ತಿಳಿಯುವುದಿಲ್ಲ, ಕಮಲಳ ಕೆಲಸ ಮುಗಿಯಿತೋ ಇಲ್ಲವೋ ಎಂದು ಅದು ಯೋಚಿಸುವುದಿಲ್ಲ. ಹಾಗಿದ್ದರೆ ಈ ನಿಲುಗಡೆ ಸುಳ್ಳು ಎಂದು ಕೋಶ ಕಂಡುಹಿಡಿಯುವುದಾದರೂ ಹೇಗೆ? ರೀಲರ್ ಗೂಡನ್ನು ನೋಡುವಂತೆಯೇ, ಹೊರಗಿನ ಗುರುತಿನಿಂದ.

ಮನುಷ್ಯನ ಕೋಶದಲ್ಲಿ ಆ ಗುರುತು ಹೀಗೆ ಹುಟ್ಟುತ್ತದೆ. ಕೋಶಕೇಂದ್ರದಲ್ಲಿ ತೆಗೆದ ಮೊದಲ ನಕಲಿನಲ್ಲಿ ನಡುನಡುವೆ ಬೇಡವಾದ ತುಣುಕುಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು ಬೇಕಾದ ಭಾಗಗಳನ್ನು ಬೆಸೆಯಲಾಗುತ್ತದೆ. (ನಮ್ಮ ಸಂಕಲನ ಕೊಠಡಿಯ ಕೆಲಸವೂ ಇದೇ, ಬೇಡವಾದ ದೃಶ್ಯ ತೆಗೆದು ಉಳಿದದ್ದನ್ನು ಅಂಟಿಸುವುದು.) ಪ್ರತಿಯೊಂದು ಬೆಸುಗೆಗೂ 20ರಿಂದ 24 ಅಕ್ಷರಗಳಷ್ಟು ಹಿಂದೆ ಕೆಲವು ಪ್ರೋಟೀನುಗಳ ಗುಂಪೊಂದು ಅಂಟಿಕೊಂಡು ಉಳಿಯುತ್ತದೆ. ‘ಇಲ್ಲಿ ಬೆಸುಗೆ ನಡೆದಿದೆ’ ಎಂಬ ಮುದ್ರೆ ಅದು. ಓಲೆ ಈ ಮುದ್ರೆಗಳನ್ನು ಹೊತ್ತುಕೊಂಡೇ ಕೋಶಕೇಂದ್ರದಿಂದ ಹೊರಗೆ ಬರುತ್ತದೆ.

ಒಂದು ಕಾಗದದ ಪಟ್ಟಿ ತೆಗೆದುಕೊಳ್ಳಿ. ಮೂರು ತುಂಡುಗಳನ್ನು ಅಂಟಿಸಿ ಒಂದು ಮಾಡಿ. ಎರಡು ಬೆಸುಗೆಗಳಾದವು. ಒಂದೊಂದು ಬೆಸುಗೆಗೂ ಸ್ವಲ್ಪ ಹಿಂದೆ ಒಂದೊಂದು ಗುಂಡುಸೂಜಿ ಚುಚ್ಚಿ. ಈಗ ನಿಮ್ಮ ಬೆರಳೇ ರೈಬೋಸೋಮ್. ಎಡದಿಂದ ಬಲಕ್ಕೆ ಸರಿಸುತ್ತ ಹೋಗಿ, ಅಡ್ಡ ಬಂದ ಸೂಜಿಯನ್ನು ಕಿತ್ತು ಹಾಕಿ. ಸಾಮಾನ್ಯವಾಗಿ ನಿಜವಾದ ನಿಲುಗಡೆ ಇರುವುದು ಕೊನೆಯ ತುಂಡಿನಲ್ಲಿ, ಅಂದರೆ ಕೊನೆಯ ಬೆಸುಗೆ ದಾಟಿದ ಮೇಲೆ. ಅಲ್ಲಿಗೆ ತಲುಪುವ ಹೊತ್ತಿಗೆ ಸೂಜಿಗಳೆಲ್ಲ ಹೋಗಿರುತ್ತವೆ. ಸುಳ್ಳು ನಿಲುಗಡೆ ಮೊದಲ ತುಂಡಿನಲ್ಲಿಯೋ ನಡುವಿನ ತುಂಡಿನಲ್ಲಿಯೋ ಬಂದರೆ? ಬೆರಳು ಅಲ್ಲೇ ನಿಂತಿತು, ಮುಂದೆ ಸೂಜಿ ಉಳಿಯಿತು. ಹೀಗೆ ಸೂಜಿ ಉಳಿದದ್ದೇ ಸಾಕ್ಷಿ! ಕೊನೆಯ ಬೆಸುಗೆಗೆ 50–55 ಅಕ್ಷರಗಳಿಗಿಂತ ಹೆಚ್ಚು ಹಿಂದೆ ನಿಲುಗಡೆ ಬಂದರೆ ಆ ಓಲೆಗೆ ಉಳಿಗಾಲವಿಲ್ಲವೆಂಬ ಸ್ಥೂಲ ನಿಯಮವನ್ನು ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುಕೊಂಡರು.

ಶಿಕ್ಷೆ ಜಾರಿಯಾಗುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ನಿಂತ ರೈಬೋಸೋಮಿನ ಬಳಿ ಯು.ಪಿ.ಎಫ್.1 ಎಂಬ ಪ್ರೋಟೀನು ಬರುತ್ತದೆ. ಮುಂದೆ ಉಳಿದ ಮುದ್ರೆಯ ಜೊತೆಗಾರರು ಅದಕ್ಕೆ ಕೈ ಜೋಡಿಸಿದಾಗ ಅದು ಚುರುಕಾಗುತ್ತದೆ. ಬಳಿಕ ಕತ್ತರಿ ಕಿಣ್ವಗಳು ಬಂದು ಓಲೆಯನ್ನು ನಡುವೆ ತುಂಡರಿಸುತ್ತವೆ, ತಲೆಯ ರಕ್ಷಣೆಯ ಟೊಪ್ಪಿಗೆ ಹಾರಿಹೋಗುತ್ತದೆ, ತುಂಡುಗಳನ್ನು ಬೇರೆ ಕಿಣ್ವಗಳು ತುದಿಯಿಂದ ಮೆಲ್ಲುತ್ತವೆ. ಬಿಡಿ ಅಕ್ಷರಗಳು ಹೊಸ ಓಲೆಗಳಿಗೆ ಬಳಕೆಯಾಗುತ್ತವೆ.

ನಿಮ್ಮಲ್ಲಿ ಚುರುಕಾದವರು ಇಷ್ಟು ಹೊತ್ತಿಗೆ ಒಂದು ಆಕ್ಷೇಪ ಎತ್ತಬೇಕು. ಬೆಸುಗೆಯೇ ಇಲ್ಲದ ಕಡೆ ಏನು ಮಾಡುವುದು? ನಮ್ಮ ಫೈಬ್ರಾಯಿನನ್ನೇ ನೋಡಿ. ಅದರ ಓಲೆಯಲ್ಲಿ ಇರುವುದು ಒಂದೇ ಬೆಸುಗೆ, ಅದೂ ತಲೆಯ ಹತ್ತಿರ, ಮೊದಲ ನೂರು ಅಕ್ಷರಗಳೊಳಗೆ. ಮುಂದಿನ ಹದಿನೈದು ಸಾವಿರ ಅಕ್ಷರಗಳಲ್ಲಿ ಎಲ್ಲಿ ಸುಳ್ಳು ನಿಲುಗಡೆ ಬಂದರೂ ಅದರಾಚೆ ಸೂಜಿಯೇ ಇರುವುದಿಲ್ಲ! ಕೀಟಗಳ ವಿಷಯದಲ್ಲಿ ಈ ಆಕ್ಷೇಪಕ್ಕೆ ಉತ್ತರ ಹಣ್ಣಿನ ನೊಣದಿಂದ ಬಂತು. ಆ ನೊಣದ ಕೋಶಗಳು ಬೆಸುಗೆಯ ಮುದ್ರೆಯನ್ನು ನೆಚ್ಚಿಕೊಳ್ಳದೆ ತಪ್ಪು ಓಲೆಯನ್ನು ಹಿಡಿಯುತ್ತವೆ. ಅವು ಗಮನಿಸುವುದು ನಿಲುಗಡೆಗೂ ಓಲೆಯ ಬಾಲಕ್ಕೂ ಇರುವ ಅಂತರವನ್ನು. ಬಾಲದ ತುಂಬ ಒಂದು ಬಗೆಯ ಪ್ರೋಟೀನು ಅಂಟಿಕೊಂಡಿರುತ್ತದೆ. ಅದು ನಿಲುಗಡೆಗೆ ಹತ್ತಿರವಿದ್ದರೆ ‘ಸರಿಯಾಗಿ ಮುಗಿಯಿತು’ ಎಂದು ಅರ್ಥ, ತೀರ ದೂರವಿದ್ದರೆ ಅನುಮಾನ. ನಮ್ಮ ಕೋಶಗಳಲ್ಲಿಯೂ ಈ ಎರಡನೆಯ ಗುರುತಿಗೆ ಸ್ವಲ್ಪ ಬೆಲೆಯಿದೆ. ಗುರುತು ಯಾವುದೇ ಇರಲಿ, ಪ್ರಶ್ನೆ ಒಂದೇ: ನಿಲುಗಡೆ ಇರಬೇಕಾದ ಜಾಗದಲ್ಲಿ ಇದೆಯೇ?

ಈ ವ್ಯವಸ್ಥೆ ಮನುಷ್ಯರಲ್ಲಿ ಬೆಳಕಿಗೆ ಬಂದದ್ದು ಒಂದು ಕಾಯಿಲೆಯಿಂದ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಪಳಿಗಳಿವೆ. ಬೀಟಾ ಸರಪಳಿ ಸಾಲದಾದರೆ ಬರುವ ಕಾಯಿಲೆ ಬೀಟಾ ಥಲಸ್ಸೇಮಿಯ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ವಂಶವಾಹಿ ಪಡೆದ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಆರು ತಿಂಗಳಿನಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ತೀವ್ರ ಬಗೆಯಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಹಾಗೆ ಕೊಟ್ಟ ರಕ್ತದ ಕಬ್ಬಿಣಾಂಶ ಹೃದಯದಲ್ಲಿ, ಯಕೃತ್ತಿನಲ್ಲಿ ಸೇರಿಕೊಳ್ಳದಂತೆ ಬೇರೆ ಔಷಧ ಕೊಡಬೇಕು. ಮನೆಯವರ ಪಾಡು ಹೇಳತೀರದು.

1979ರಲ್ಲಿ ಜೂಡಿ ಚಾಂಗ್ ಮತ್ತು ಯೂಟ್ ವಾಯ್ ಕಾನ್ ಎಂಬ ವಿಜ್ಞಾನಿಗಳು ಒಬ್ಬ ರೋಗಿಯ ಬೀಟಾ ಓಲೆಯಲ್ಲಿ 17ನೆಯ ಪದ ನಿಲುಗಡೆಯಾಗಿ ಬದಲಾಗಿರುವುದನ್ನು ತೋರಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಯೀಸ್ಟಿನ ಮೇಲೆ ಕೆಲಸ ಮಾಡುತ್ತಿದ್ದ ಲೋಸೋನ್ ಮತ್ತು ಲಕ್ರೂಟ್ ಎಂಬುವರು, ಸುಳ್ಳು ನಿಲುಗಡೆಯುಳ್ಳ ಓಲೆಗಳು ಬೇಗನೆ ನಾಶವಾಗುತ್ತವೆ ಎಂದು ಕಂಡುಕೊಂಡರು. 1981ರಲ್ಲಿ ಲಿನ್ ಮಕ್ವಾಟ್ ಮತ್ತು ಸಂಗಡಿಗರು ಥಲಸ್ಸೇಮಿಯ ರೋಗಿಗಳ ಮೂಳೆಮಜ್ಜೆಯ ಕೋಶಗಳಲ್ಲಿಯೂ ಇದನ್ನೇ ಕಂಡರು. ಓಲೆ ತಯಾರಾಗುತ್ತಿತ್ತು, ಆದರೆ ಉಳಿಯುತ್ತಿರಲಿಲ್ಲ. ಬೀಟಾ ಸರಪಳಿಯ ಕೊರತೆ ಎಂದರೆ ಬರೆಯದಿರುವುದಷ್ಟೇ ಅಲ್ಲ, ಬರೆದದ್ದನ್ನು ಹರಿದು ಹಾಕುವುದೂ ಇರಬಹುದು ಎಂದು ತಿಳಿದುಬಂತು.

ಭಾರತದಲ್ಲಿ ಸರಾಸರಿ ನೂರಕ್ಕೆ ಮೂರು ನಾಲ್ಕು ಮಂದಿ ಬೀಟಾ ಥಲಸ್ಸೇಮಿಯದ ಒಂದು ಕೆಟ್ಟ ವಂಶವಾಹಿ ಹೊತ್ತಿರುತ್ತಾರೆ. ನಮ್ಮ ದೇಶದಲ್ಲಿ ಪದೇ ಪದೇ ಕಾಣುವ ದೋಷಗಳಲ್ಲಿ 15ನೆಯ ಪದದ ಬದಲಾವಣೆಯೂ ಒಂದು. ಅಲ್ಲಿ ಯು.ಜಿ.ಜಿ. ಎಂದಿರಬೇಕಾದದ್ದು ಯು.ಎ.ಜಿ. ಆಗಿರುತ್ತದೆ. ನಡುವಿನ ಒಂದೇ ಅಕ್ಷರ, ಅಷ್ಟರಿಂದಲೇ ‘ನಿಲ್ಲಿಸು’ ಎಂದಾಗುತ್ತದೆ. 8 ಮತ್ತು 9ನೆಯ ಪದಗಳ ನಡುವೆ ಒಂದಕ್ಷರ ಹೆಚ್ಚಾಗಿ ಸೇರಿ ಎಣಿಕೆ ತಪ್ಪುವ ದೋಷ ಇನ್ನೊಂದು.

ಒಂದೇ ಕೆಟ್ಟ ವಂಶವಾಹಿಯುಳ್ಳವರನ್ನು ವಾಹಕರು ಎನ್ನುತ್ತೇವೆ. ಅವರು ನಮ್ಮ ನಿಮ್ಮಂತೆಯೇ ಓಡಾಡಿಕೊಂಡಿರುತ್ತಾರೆ, ಹೆಚ್ಚೆಂದರೆ ರಕ್ತ ಸ್ವಲ್ಪ ತೆಳುವಾಗಿರುತ್ತದೆ. ಇದಕ್ಕೆ ಇನ್ನೊಂದು ಒಳ್ಳೆಯ ವಂಶವಾಹಿ ಇರುವುದಷ್ಟೇ ಕಾರಣವೇ? ಇಲ್ಲಿಯೇ ಈ ವಿಷಯದ ಸ್ವಾರಸ್ಯ ಅಡಗಿದೆ.

ಬೀಟಾ ಓಲೆ ನಿಮ್ಮ ಕಾಗದದ ಪಟ್ಟಿಯಂತೆ ಮೂರು ತುಂಡುಗಳದು. ಕೊನೆಯ ಬೆಸುಗೆ ಇರುವುದು 104 ಮತ್ತು 105ನೆಯ ಪದಗಳ ನಡುವೆ. 15ನೆಯ ಪದದಲ್ಲಿ ಸುಳ್ಳು ನಿಲುಗಡೆ ಬಂದರೆ ಸೂಜಿ ಉಳಿಯುತ್ತದೆ, ಓಲೆ ಬಹುಮಟ್ಟಿಗೆ ನಾಶವಾಗುತ್ತದೆ. ಆದರೆ 121ನೆಯ ಪದ ನಿಲುಗಡೆಯಾಗಿರುವ ಕುಟುಂಬಗಳೂ ಯೂರೋಪಿನಲ್ಲಿ ಸಿಕ್ಕಿವೆ. ಈ ಪದ ಇರುವುದು ಕೊನೆಯ ತುಂಡಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಸೂಜಿಗಳೆಲ್ಲ ಹೋಗಿವೆ, ಕೋಶಕ್ಕೆ ಅನುಮಾನವೇ ಬರುವುದಿಲ್ಲ. ಓಲೆ ಉಳಿಯುತ್ತದೆ, ಅದರಿಂದ ಬಾಲವಿಲ್ಲದ ಬೀಟಾ ಸರಪಳಿಗಳು ಹುಟ್ಟುತ್ತವೆ. ಅವು ಕೆಲಸಕ್ಕೂ ಬಾರವು, ಸುಲಭವಾಗಿ ಕರಗಿಯೂ ಹೋಗವು, ಕೋಶದೊಳಗೆ ಗಂಟುಗಂಟಾಗಿ ಕೂಡಿಕೊಳ್ಳುತ್ತವೆ. ಇಂಥವರಲ್ಲಿ ಇನ್ನೊಂದು ವಂಶವಾಹಿ ಪೂರ್ತಿ ಸರಿಯಿದ್ದರೂ ಕಾಯಿಲೆ ಕಾಣಿಸಿಕೊಳ್ಳುತ್ತದೆ!

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. 15ನೆಯ ಪದದಲ್ಲಿ ತಪ್ಪಾದದ್ದು ಹೆಚ್ಚು ಕೆಟ್ಟದ್ದು, ಸರಪಳಿಯ ಹತ್ತರಲ್ಲಿ ಒಂದು ಪಾಲೂ ಆಗಿಲ್ಲ. 121ರಲ್ಲಿ ತಪ್ಪಾದದ್ದು ಕೊನೆಯ ಸ್ವಲ್ಪ ಭಾಗ ಮಾತ್ರ. ಆದರೂ ಮೊದಲಿನ ವಾಹಕ ಆರೋಗ್ಯವಂತ, ಎರಡನೆಯವನು ರೋಗಿ. ಪಠ್ಯಪುಸ್ತಕದಲ್ಲಿ ನೀವು ಪ್ರಬಲ, ದುರ್ಬಲ ಎಂಬ ಮೆಂಡೆಲನ ಪದಗಳನ್ನು ಓದಿದ್ದೀರಿ. ಇಲ್ಲಿ ಒಂದು ದೋಷ ದುರ್ಬಲವಾಗಿ ಉಳಿಯುವುದಕ್ಕೆ ಓಲೆಯನ್ನು ಹರಿಯುವ ಕಿಣ್ವಗಳ ನೆರವೂ ಇದೆ. ಪಾಠ ಬರೆಯುವವರು ಇದನ್ನು ಒಂದು ಸಾಲಿನಲ್ಲಾದರೂ ಹೇಳಿದರೆ ಮೆಂಡೆಲನ ಬಟಾಣಿಗೆ ಜೀವ ಬರುತ್ತದೆ ಎಂದು ನನ್ನ ಅನಿಸಿಕೆ.

ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರನ್ನು ಗುರುತಿಸಲು ರಕ್ತಪರೀಕ್ಷೆಯಿದೆ. ಹಿಮೋಗ್ಲೋಬಿನ್ ಎ-2 ಎಂಬ ಬಗೆಯ ಪ್ರಮಾಣ ಅವರಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕಾಲೇಜು ವಯಸ್ಸಿನಲ್ಲಿಯೇ ಇದನ್ನು ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹರಿಯುವ ಕೆಲಸ ಯಾವಾಗಲೂ ಉಪಕಾರವೇ ಎಂದು ತಿಳಿಯಬೇಡಿ. ಕೆಲವು ಕಾಯಿಲೆಗಳಲ್ಲಿ ಮೊಂಡು ಪ್ರೋಟೀನು ಅಷ್ಟಿಷ್ಟು ಕೆಲಸ ಮಾಡಬಲ್ಲದು. ಓಲೆಯನ್ನು ಹರಿದದ್ದರಿಂದ ಅದೂ ಸಿಗದೆ ಹೋಗುತ್ತದೆ. ಯಾವ ತಪ್ಪೂ ಇಲ್ಲದ ಎಷ್ಟೋ ಓಲೆಗಳ ಪ್ರಮಾಣವನ್ನು ಹತೋಟಿಯಲ್ಲಿಡುವುದಕ್ಕೂ ಕೋಶ ಇದೇ ಕತ್ತರಿಯನ್ನು ಬಳಸುತ್ತದೆ. ಯು.ಪಿ.ಎಫ್.1 ಇಲ್ಲದಂತೆ ಮಾಡಿದ ಇಲಿಮರಿಗಳು ಭ್ರೂಣದ ಹಂತದಲ್ಲಿಯೇ ಸಾಯುತ್ತವೆ. ಇನ್ನು ನಿಲುಗಡೆಯೇ ಇಲ್ಲದ ಓಲೆಗೂ, ನಡುದಾರಿಯಲ್ಲಿ ರೈಬೋಸೋಮ್ ಸಿಕ್ಕಿಕೊಂಡ ಓಲೆಗೂ ಬೇರೆ ಬೇರೆ ತನಿಖೆಗಳಿವೆ. ಅವು ಪತ್ತೆಯಾದದ್ದು 2002 ಮತ್ತು 2006ರಲ್ಲಿ.

ಇಷ್ಟು ಹೊತ್ತು ನೋಡಿದ್ದು ಕೋಶದ ಸ್ವಂತ ಓಲೆಗಳ ತಪ್ಪು. ಆದರೆ ಹೊರಗಿನವರು ಬರೆದ ಓಲೆ ಕೋಶದೊಳಗೆ ಸೇರಿಕೊಂಡರೆ? ವೈರಸ್ ಮಾಡುವುದು ಇದನ್ನೇ. ಅದರ ಓಲೆಯಲ್ಲಿ ವ್ಯಾಕರಣದೋಷವಿರುವುದಿಲ್ಲ, ನಿಲುಗಡೆಯೂ ಸರಿಯಾದ ಜಾಗದಲ್ಲಿರುತ್ತದೆ. ಇದಕ್ಕೆ ಉದಾಹರಣೆ ಹುಳುಮನೆಯಲ್ಲಿಯೇ ಇದೆ. ಹಾಲುತೊಂಡೆ ರೋಗ ಬಂದಾಗ ಹುಳುವಿನ ಮೈ ಊದಿ ಹೊಳೆಯುತ್ತದೆ. ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಹರಿದಾಡುತ್ತದೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಹಣ್ಣಾಗುವ ಹೊತ್ತಿಗೆ ಈ ರೋಗ ಹಬ್ಬಿದರೆ ಇಡೀ ಬೆಳೆ ಕೈಬಿಟ್ಟಂತೆಯೇ. ಸೊಪ್ಪಿಗೆ, ಆಳಿಗೆ ಹಾಕಿದ ಹಣವೆಲ್ಲ ಹೋಯಿತು.

ಇಂಥ ಓಲೆಯನ್ನು ಹಿಡಿಯಲು ಕೋಶದ ಬಳಿ ಬೇರೊಂದು ಉಪಾಯವಿದೆ. ಜೋಡಿ ಎಳೆಯ ಆರ್.ಎನ್.ಎ. ಕಂಡರೆ ಕೋಶ ಅದನ್ನು ಇಪ್ಪತ್ತು ಚಿಲ್ಲರೆ ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕುಗಳನ್ನು ಮಾದರಿಯಾಗಿ ಹಿಡಿದು, ಅವಕ್ಕೆ ಹೊಂದುವ ಓಲೆ ಎಲ್ಲಿದ್ದರೂ ಹುಡುಕಿ ತುಂಡರಿಸುತ್ತದೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ಇದನ್ನು ತೋರಿಸಿದರು, 2006ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿದ್ದ ಜೆ. ನಾಗರಾಜು ಅವರ ತಂಡ ಈ ಉಪಾಯವನ್ನು ರೇಷ್ಮೆಹುಳುವಿಗೆ ತಂದಿತು. ಗೌರಿಬಿದನೂರಿನಿಂದ ಗಡಿ ದಾಟಿದರೆ ಸಿಗುವ ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಫ್ರಾನ್ಸಿನವರೂ ಈ ಕೆಲಸದಲ್ಲಿ ಕೈ ಜೋಡಿಸಿದ್ದರು. ಹಾಲುತೊಂಡೆ ವೈರಸ್ಸಿನ ಓಲೆಗೆ ಹೊಂದುವ ಜೋಡಿ ಎಳೆಯ ಆರ್.ಎನ್.ಎ.ಯನ್ನು ಹುಳು ತಾನೇ ತಯಾರಿಸಿಕೊಳ್ಳುವಂತೆ ಅದರ ವಂಶವಾಹಿಗಳಲ್ಲಿ ಹೊಸ ಭಾಗ ಸೇರಿಸಿದರು. 2007ರಲ್ಲಿ ಪ್ರಕಟವಾದ ಕೆಲಸದಲ್ಲಿ ಗುರಿಯಾಗಿದ್ದುದು ವೈರಸ್ಸಿನ ಒಂದೇ ವಂಶವಾಹಿ. ವೈರಸ್ಸಿನ ಉಳಿದ ವಂಶವಾಹಿಗಳನ್ನು ಎಬ್ಬಿಸುವ ಮೊದಲ ಸೂತ್ರಧಾರ ಅದು. 2013ರ ಕೆಲಸದಲ್ಲಿ ಏಕಕಾಲಕ್ಕೆ ಹಲವು ಅಗತ್ಯ ವಂಶವಾಹಿಗಳಿಗೆ ಗುರಿಯಿಟ್ಟರು, ರಕ್ಷಣೆ ಇನ್ನಷ್ಟು ಬಲವಾಯಿತು. ವೈರಸ್ ತಿನ್ನಿಸಿದಾಗ ಸಾಮಾನ್ಯ ಹುಳುಗಳಿಗಿಂತ ಈ ಹುಳುಗಳಲ್ಲಿ ಹೆಚ್ಚಿನ ಪಾಲು ಬದುಕಿ ಗೂಡು ಕಟ್ಟಿದವು. ಆ ಲೇಖನ ಅಚ್ಚಾಗುವ ವೇಳೆಗೆ ನಾಗರಾಜು ಅವರು ತೀರಿಕೊಂಡಿದ್ದರು.

ಇದು ಪ್ರಯೋಗಾಲಯದ ಸಾಕಣೆಯಲ್ಲಿ ಕಂಡ ಫಲ. ನಮ್ಮ ರೈತರ ಹುಳುಮನೆಗಳಲ್ಲಿ ಹಾಲುತೊಂಡೆಗೆ ತಡೆಯೆಂದರೆ ಬೆಳೆಗೆ ಮುನ್ನ ಮನೆ ತೊಳೆದು ಸೋಂಕು ನಿವಾರಣೆ ಮಾಡುವುದು, ತಟ್ಟೆಗಳಿಗೆ ಬ್ಲೀಚಿಂಗ್ ಪುಡಿಯ ನೀರು, ಹಾಸಿಗೆಗೆ ಸುಣ್ಣದ ಪುಡಿ, ರೋಗ ತಗುಲಿದ ಹುಳುವನ್ನು ಕಂಡ ಕೂಡಲೇ ಆಯ್ದು ತೆಗೆಯುವುದು.